ಕೆಳಗಿನ ಪ್ಲಾಟ್‌ಫಾರ್ಮಿಗೆ ಕೇಳಿಸದ ಮಾತು

ಮನೆ,
ಮಾರ್ಚ್ ಹದಿಮೂರು, ಶನಿವಾರ ಬೆಳಿಗ್ಗೆ

ಪ್ರೀತಿಯ ಸಿಳ್ಳೆ,

ಹೇಗಿದ್ದೀಯ? ಕೆಮ್ಮು ಕಡಿಮೆಯಾಯಿತಾ? ಆ ಗೋದಾಮಿನ ಧೂಳಿನಲ್ಲಿ ಮೂಗಿಗೆ ಬಟ್ಟೆ ಕಟ್ಟಿಕೊಳ್ಳದೆ ಮೂಟೆ ಹೊರುತ್ತಿರುತ್ತೀಯ ಅಂತ ನನಗೆ ಇಲ್ಲಿಂದಲೇ ಗೊತ್ತು. ಹೇಳಿದ ಮಾತು ಕೇಳಿದ್ದರೆ ನೀನು ಈ ಮನೆಯಲ್ಲಿ ಹುಟ್ಟುತ್ತಲೇ ಇರಲಿಲ್ಲ. ಮೂವತ್ತನಾಲ್ಕು ವರ್ಷದ ಗಂಡಸನ್ನು ಸಿಳ್ಳೆ ಅಂತ ಕರೆಯಬೇಡ ಎಂದು ಹೋದ ಸಲ ನೀನು ಬರೆದಿದ್ದೆ. ಮಾತು ಬರುವ ಮುಂಚೆ ಸಿಳ್ಳೆ ಹಾಕಲು ಕಲಿತವನಿಗೆ ಅಪ್ಪ ಇಟ್ಟ ಹೆಸರು ಅದು, ನಾನಂತೂ ಬದಲಾಯಿಸುವವಳಲ್ಲ. ಇಲ್ಲಿ ನಿಮ್ಮ ಭಾವ ಚೆನ್ನಾಗಿದ್ದಾರೆ. ಬಚ್ಚಲಿನ ನಲ್ಲಿ ರಿಪೇರಿ ಮಾಡುತ್ತೇನೆಂದು ಕೂತು ಎರಡು ದಿನ ಮನೆಗೆ ನೀರಿಲ್ಲದ ಹಾಗೆ ಮಾಡಿದರು. ಅಮ್ಮನ ಮಂಡಿ ನೋವು ಹಾಗೆಯೇ ಇದೆ. ಎರಡು ಹೊತ್ತು ಊಟ ಮಾಡುತ್ತಾಳೆ, ಕಿಟಕಿ ಪಕ್ಕ ಕೂರುತ್ತಾಳೆ. ನಿನ್ನ ಹೆಸರು ಮಾತ್ರ ಎತ್ತುವುದಿಲ್ಲ. ನಿನ್ನ ಕಾಗದ ಬಂದರೆ "ಅವನದಾ?" ಅಂತ ಕೇಳಿ ಮುಖ ಆ ಕಡೆ ತಿರುಗಿಸುತ್ತಾಳೆ. ಹದಿನಾಲ್ಕು ತಿಂಗಳಿಂದ ಹೀಗೇ. ನಿನಗೆ ನೋವಾಗುತ್ತದೆ ಅಂತ ಗೊತ್ತಿದ್ದೂ ಬರೆಯುತ್ತಿದ್ದೇನೆ, ಏಕೆಂದರೆ ಈ ಕಾಗದದಲ್ಲಿ ಸುಳ್ಳು ಬರೆಯಬಾರದು ಅಂತ ಕೂತಿದ್ದೇನೆ.

ನಿನ್ನ ಕಾಗದ ಬಂದು ಒಂಬತ್ತು ದಿನವಾಯಿತು. ಅದನ್ನು ಅಡುಗೆಮನೆಯ ಡಬ್ಬದ ಹಿಂದೆ ಇಟ್ಟಿದ್ದೇನೆ, ದಿನಕ್ಕೊಮ್ಮೆ ತೆಗೆದು ಓದುತ್ತೇನೆ. ಕಿವಿ ಡಾಕ್ಟರ ಹತ್ತಿರ ಹೋಗಿದ್ದೆ ಅಂತ ಬರೆದಿದ್ದೀಯ. ಸಣ್ಣ ಕೋಣೆಯಲ್ಲಿ ಕೂರಿಸಿ, ಕಿವಿಗೆ ಏನೋ ಹಾಕಿ, ಸದ್ದು ಕೇಳಿಸಿದ ಕೂಡಲೇ ಗುಂಡಿ ಒತ್ತು ಅಂದರಂತೆ. ಒಂದೂ ತಪ್ಪಲಿಲ್ಲವಂತೆ. ಅಷ್ಟಾದರೂ ನಂಬಿಕೆ ಬರಲಿಲ್ಲ, ಬರುವ ತಿಂಗಳು ದೊಡ್ಡ ಆಸ್ಪತ್ರೆಯಲ್ಲಿ ಇನ್ನೊಬ್ಬರಿಗೆ ತೋರಿಸುತ್ತೇನೆ, ಯಾವ ಸದ್ದು ನನಗೆ ಕೇಳಿಸುವುದಿಲ್ಲ ಅಂತ ಗೊತ್ತಾಗಲೇಬೇಕು ಅಂತ ಬರೆದಿದ್ದೀಯ. ಆ ಸಾಲು ಓದಿದಾಗ ನನ್ನ ಕೈಯಲ್ಲಿದ್ದ ಸೌಟು ಕೆಳಗೆ ಬಿತ್ತು. ನಿಮ್ಮ ಭಾವ ಏನಾಯಿತು ಅಂತ ಓಡಿ ಬಂದರು. ಬಿಸಿ ತಾಗಿತು ಅಂದೆ.

ಸ್ಟೇಷನ್ ಹೇಗಿದೆ ಅಂತ ಕೇಳಿದ್ದೀಯ. ಹಾಗೇ ಇದೆ. ಮೇಲಿನ ಆರು ಪ್ಲಾಟ್‌ಫಾರ್ಮಿನಲ್ಲಿ ಹಳಿ ಕೊನೆಯಾಗುವ ಕಡೆ ಕಟ್ಟೆಗಳಿಗೆ ಹೊಸದಾಗಿ ಕೆಂಪು ಬಣ್ಣ ಬಳಿದಿದ್ದಾರೆ. ಗಾಡಿಗಳು ಮೊದಲಿನ ಹಾಗೆಯೇ ಬಂದು ಆ ಕಟ್ಟೆಗೆ ಮೂಗು ತಾಗಿಸಿ ನಿಲ್ಲುತ್ತವೆ. ಒಂದು ತುದಿಯ ಎಂಜಿನ್ ಬಿಚ್ಚಿ, ಇನ್ನೊಂದು ತುದಿಗೆ ಬೇರೆ ಎಂಜಿನ್ ತಂದು ಕೊಂಡಿ ಹಾಕುವ ತನಕ ಅಲ್ಲಾಡುವುದಿಲ್ಲ. ಇಪ್ಪತ್ತೈದು ನಿಮಿಷ. ಅಪ್ಪ ಮೂವತ್ತಮೂರು ವರ್ಷ ಹಾಕಿದ ಕೊಂಡಿ ಅದು. "ನಮ್ಮೂರಿಗೆ ಬಂದ ಗಾಡಿ ಮುಂದಕ್ಕೆ ಹೋಗೋ ಹಾಗಿಲ್ಲ, ನನಗೊಂದು ನಮಸ್ಕಾರ ಹಾಕಿ ಹಿಂದಕ್ಕೇ ಹೋಗ್ಬೇಕು" ಅನ್ನುತ್ತಿದ್ದರಲ್ಲ. ಈ ಸ್ಟೇಷನ್ನಿನ ಕೆಳಗೆ ನೆಲದ ಹೊಟ್ಟೆ ಬಗೆದು ಎರಡು ಪ್ಲಾಟ್‌ಫಾರ್ಮ್ ಮಾಡಿದಾಗ ಅವರಿಗೆ ಎಷ್ಟು ಸಿಟ್ಟು ಬಂದಿತ್ತು. ಒಂದು ಸುರಂಗದಿಂದ ಬಂದು, ಮೂರೇ ನಿಮಿಷ ನಿಂತು, ಇನ್ನೊಂದು ಸುರಂಗದಲ್ಲಿ ಹೊರಟು ಹೋಗುವ ಗಾಡಿಗೆ ಇದು ಸ್ಟೇಷನ್ನೇ ಅಲ್ಲ, ಸಂತೆ ದಾರಿ ಅಂದಿದ್ದರು. ಪಾತಾಳ ಅಂತ ಹೆಸರಿಟ್ಟವರೂ ಅವರೇ. ನಿನಗೆ ಪಾತಾಳದಲ್ಲಿ ಗಾಡಿ ಹೊರಡಲು ದೀಪ ತೋರಿಸುವ ಕೆಲಸ ಸಿಕ್ಕಾಗ ವಾರವಿಡೀ ನಿನ್ನ ಜೊತೆ ಮಾತು ಬಿಟ್ಟಿದ್ದರು. ಆಮೇಲೆ ಸಿಹಿ ತಂದು ಎಲ್ಲರಿಗೂ ಹಂಚಿದವರೂ ಅವರೇ.

ಸ್ಟೇಷನ್ನಿನಲ್ಲಿ ನನ್ನ ಮೈಕಿನ ಕೋಣೆಯೂ ಹಾಗೇ ಇದೆ. ಕಿಟಕಿಯಿಂದ ಮೇಲಿನ ಆರು ಪ್ಲಾಟ್‌ಫಾರ್ಮೂ ಅಂಗೈ ಗೆರೆಯ ಹಾಗೆ ಕಾಣುತ್ತವೆ. ಪಾತಾಳ ಕಾಣುವುದಿಲ್ಲ, ಅಲ್ಲಿ ಗಾಡಿ ಬಂದದ್ದು, ಹೋದದ್ದು ತೋರಿಸಲು ಗೋಡೆಯ ಮೇಲೆ ನಾಲ್ಕು ಸಣ್ಣ ದೀಪ ಅಷ್ಟೇ. ಮೈಕಿನ ಪಕ್ಕ ಎರಡು ಸ್ವಿಚ್, ಎಡಗಡೆಯದು ಹಾಕಿದರೆ ಮಾತು ಮೇಲಿನ ಪ್ಲಾಟ್‌ಫಾರ್ಮಿಗೆ, ಬಲಗಡೆಯದು ಹಾಕಿದರೆ ಪಾತಾಳಕ್ಕೆ. ಇದನ್ನೆಲ್ಲ ನಿನಗೆ ಹೇಳುವುದು ಮೀನಿಗೆ ಈಜು ಕಲಿಸಿದ ಹಾಗೆ. ಬರೆಯಬೇಕಾದದ್ದನ್ನು ಬಿಟ್ಟು ಕೈ ಸುತ್ತುದಾರಿ ಹಿಡಿಯುತ್ತಿದೆ, ಸ್ವಲ್ಪ ತಾಳಿಕೋ. ಹದಿನೇಳು ವರ್ಷದಿಂದ ದಿನಕ್ಕೆ ನಲವತ್ತು ಸಲ "ಬೀಳ್ಕೊಡಲು ಬಂದವರು ದಯವಿಟ್ಟು ಗಾಡಿಯಿಂದ ಇಳಿಯಿರಿ" ಅಂತ ಹೇಳುತ್ತಿದ್ದೇನೆ. ಮಾರುಕಟ್ಟೆಯಲ್ಲಿ ನಾನು ಬಾಯಿ ತೆರೆದರೆ ತರಕಾರಿಯವಳು ತಿರುಗಿ ನೋಡುತ್ತಾಳೆ, ಮುಖ ಮಾತ್ರ ಯಾರಿಗೂ ಗೊತ್ತಿಲ್ಲ. ಅಪ್ಪನಿಗೆ ಅದೊಂದು ದೊಡ್ಡ ಜಂಬ. ನಮ್ಮ ಮನೆಯಿಂದ ಯಾರು ಊರಿಗೆ ಹೊರಟರೂ ಗಾಡಿಯೊಳಗೆ ಹೋಗಿ, ಪೆಟ್ಟಿಗೆ ಸೀಟಿನ ಕೆಳಗೆ ತಳ್ಳಿ, ಎದುರು ಸೀಟಿನಲ್ಲಿ ಕಾಲು ಮೇಲೆ ಕಾಲು ಹಾಕಿ ಪೇಪರ್ ಬಿಡಿಸುತ್ತಿದ್ದರು. ಯಾರು ಎಷ್ಟು ಗೋಗರೆದರೂ "ಮಗಳು ಹೇಳ್ಲಿ, ಆಮೇಲೆ ಇಳಿದರಾಯ್ತು" ಅನ್ನುತ್ತಿದ್ದರು. ನಾನು ಕಿಟಕಿಯಿಂದ ನೋಡಿಕೊಂಡೇ ಹೇಳುತ್ತಿದ್ದೆ. ಅವರು ಇಳಿದು ನನ್ನ ಕಿಟಕಿಯ ಕಡೆ ಕೈ ಎತ್ತಿದ ಮೇಲೆಯೇ ನನಗೆ ಸಮಾಧಾನ.

ಹದಿನಾಲ್ಕು ತಿಂಗಳ ಹಿಂದಿನ ಆ ದಿನ ಮೇಲಿನ ಹಳಿಗಳಲ್ಲಿ ರಿಪೇರಿ. ಮಧ್ಯಾಹ್ನದ ಗಾಡಿಗಳನ್ನೆಲ್ಲ ಪಾತಾಳಕ್ಕೆ ತಿರುಗಿಸಿದ್ದರು. ಅಮ್ಮ ಚಿಕ್ಕಮ್ಮನ ಮನೆಗೆ ಹೊರಟಿದ್ದಳು. ಅಪ್ಪ ಪೆಟ್ಟಿಗೆ ಹೊತ್ತು ಮೊದಲ ಸಲ ಆ ಮೆಟ್ಟಿಲು ಇಳಿದರು. ನೀನೂ ಒಂದು ಕೈ ಹಿಡಿದು ಪೆಟ್ಟಿಗೆ ಹತ್ತಿಸಿದೆ. "ಕೊನೆಗೂ ನಿನ್ನ ಪಾತಾಳ ಕಾಣಿಸಿಬಿಟ್ಟೆಯಲ್ಲೋ" ಅಂತ ಅವರು ನಗಾಡಿದರೆಂದು ನೀನೇ ಆಮೇಲೆ ಹೇಳಿದ್ದೆ. ನೀನು ದೀಪ ಹಿಡಿದು ನಿನ್ನ ಜಾಗಕ್ಕೆ ಹೋದೆ. ಸಿಗ್ನಲ್ ಬಿದ್ದರೂ ಇಳಿಯಿರಿ ಅನ್ನುವ ಮಾತು ಕೇಳಿಸಲಿಲ್ಲ ಅಂತ ನನಗೆ ಫೋನ್ ಮಾಡಿದೆ. "ಹೇಳಿದ್ಯಾ ಅಕ್ಕಾ?" ಅಂದೆ. ನಾನು "ಆಗಲೇ ಹೇಳಿಯಾಯ್ತು, ಬಿಡು" ಅಂದೆ. ನೀನು ಹಸಿರು ದೀಪ ಎತ್ತಿದೆ. ಗಾಡಿ ಅಲ್ಲಾಡಿದ ಮೇಲೆ ಅಪ್ಪ ಬಾಗಿಲಿಗೆ ಬಂದರು. ಮೇಲಿನ ಗಾಡಿ ಹೊರಡುವಾಗ ಹತ್ತು ಹೆಜ್ಜೆ ತೆವಳುತ್ತದೆ, ಅಲ್ಲಿ ಎಷ್ಟೋ ಸಲ ಇಳಿದ ಕಾಲು ಅದು. ಪಾತಾಳದ ಗಾಡಿ ತೆವಳುವುದಿಲ್ಲ, ಸುರಂಗದ ಗೋಡೆಯೂ ದೂರವಿಲ್ಲ. ಮುಂದಿನದ್ದನ್ನು ನಾನು ಬರೆಯುವುದಿಲ್ಲ. ನೀನು ಕಣ್ಣಾರೆ ಕಂಡಿದ್ದೀಯ, ನಾನು ಕಂಡಿಲ್ಲ.

ವಿಚಾರಣೆಯ ದಿನ ನೆನಪಿದೆಯಾ? ಉದ್ದನೆಯ ಮೇಜು, ಆ ಕಡೆ ಮೂರು ಜನ ಸಾಹೇಬರು, ಈ ಕಡೆ ಕುರ್ಚಿ ಸಾಲದೆ ನೀನು ನಿಂತೇ ಇದ್ದೆ. ಅಪ್ಪ ಹೋಗಿ ಹನ್ನೊಂದು ದಿನವಾಗಿತ್ತು, ನೀನು ಗಡ್ಡ ಕೂಡ ತೆಗೆದಿರಲಿಲ್ಲ. ಪುಸ್ತಕದಲ್ಲಿ ನಾನು ಹೇಳಿದ ಹೊತ್ತು ಬರೆದಿತ್ತು. ಕೋಣೆಗೆ ಮೊದಲು ಬಂದ ಸೂಪರ್‌ವೈಜರು ಎರಡು ಸ್ವಿಚ್ಚೂ ಹಾಕಿಯೇ ಇದ್ದವು ಅಂದರು. ಕೆಳಗಿದ್ದ ಪೋರ್ಟರುಗಳಲ್ಲಿ ಒಬ್ಬ ಕೇಳಿಸಿತು ಅಂದ, ಒಬ್ಬ ಇಲ್ಲ ಅಂದ. ನೀನು ಮೊದಲು ಕೇಳಿಸಲಿಲ್ಲ ಅಂದೆ. ಆಮೇಲೆ ನನ್ನನ್ನು ಕೇಳಿದರು. "ಹೇಳಿದೆ" ಅಂದೆ. ನೀನು ನನ್ನ ಮುಖವನ್ನು ಒಂದು ಗಳಿಗೆ ನೋಡಿ, "ಅಕ್ಕ ಹೇಳಿದೀನಿ ಅಂದ್ರೆ ಹೇಳಿರ್ತಾಳೆ ಸಾರ್, ನನ್ನ ಕಿವಿಗೇ ಬಿದ್ದಿಲ್ಲ" ಅಂದೆ. ಕೆಲಸದ ಮೇಲೆ ಗಮನ ಇಲ್ಲದವನು ಅಂತ ಬರೆದು ನಿನ್ನ ದೀಪ, ಪೀಪಿ ಎರಡನ್ನೂ ಮೇಜಿನ ಮೇಲೆ ಇಡಿಸಿಕೊಂಡರು. ನೀನು ಮನೆಗೆ ಬಂದಾಗ ಅಮ್ಮ, "ಅಪ್ಪನ ಮೇಲೆ ಗಾಡಿ ಬಿಟ್ಟವನ ಮುಖ ನಾನು ನೋಡಲ್ಲ" ಅಂದಳು. ನಾನು ಒಲೆಯ ಮುಂದೆ ನಿಂತಿದ್ದೆ.

ಮೊನ್ನೆ ಗುರುವಾರ ಅಮ್ಮ, ನಾನು ಕೂತು ಒಣಗಿದ ಬಟ್ಟೆ ಮಡಿಚುತ್ತಿದ್ದೆವು. ಅಪ್ಪನ ಹಳೆಯ ಅಂಗಿಯೊಂದು ಕೈಗೆ ಬಂತು. ಅಮ್ಮ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು, ಇಷ್ಟು ದಿನ ಯಾರಿಗೂ ಹೇಳದ ಮಾತು ಹೇಳಿದಳು. ಯಾರೂ ಅವಳನ್ನು ಕೇಳಿಯೂ ಇರಲಿಲ್ಲ. "ಇಳೀರಿ ಇಳೀರಿ ಅಂತ ಬಡಕೊಂಡೆ. 'ಮಗಳು ಇನ್ನೂ ಹೇಳಿಲ್ಲವಲ್ಲೇ, ಸುಮ್ನೆ ಕೂತ್ಕೋ' ಅಂದ್ರು. ಪಾಪ, ಅವರಿಗೂ ಕಿವಿ ಮಂದ ಆಗಿತ್ತೇನೋ. ಅಪ್ಪ ಮಗ ಇಬ್ಬರಿಗೂ ಒಂದೇ ಸಲ ಕಿವಿ ಹೋಗಬೇಕಾ" ಅಂದಳು. ಅಂಗಿ ಮಡಿಚಿ ಒಳಗೆ ಇಟ್ಟು ಬಂದಳು. ನಾನು ಅಲ್ಲೇ ಕೂತಿದ್ದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಹಾಗೆ ನನ್ನ ಬಲಗೈ ಬೆರಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ಕೂತಿದ್ದೆ.

ಹೊತ್ತಾಯಿತು, ನಿಲ್ಲಿಸುತ್ತೇನೆ. ಹೊತ್ತು ಹೊತ್ತಿಗೆ ಉಣ್ಣು, ಮೂಗಿಗೆ ಬಟ್ಟೆ ಕಟ್ಟಿಕೋ. ಭಾವ ನಿನ್ನನ್ನು ಕೇಳಿದ್ದಾರೆ. ದೊಡ್ಡವಳಾಗಿ ಆಶೀರ್ವಾದ ಮಾಡುವ ಯೋಗ್ಯತೆ ನನಗೆ ಉಳಿದಿಲ್ಲ. ಅಪ್ಪನ ಆಶೀರ್ವಾದ ನಿನ್ನ ಮೇಲೆ ಇದ್ದೇ ಇದೆ, ಅದು ಸಾಕು.

ನಿನ್ನ
ಅಕ್ಕ

ಮತ್ತೆ: ಲಕೋಟೆಗೆ ಹಾಕಿದ ಕಾಗದವನ್ನು ಹೊರಗೆ ತೆಗೆದಿದ್ದೇನೆ. ಅಂಚೆ ಡಬ್ಬಿ ಖಾಲಿ ಮಾಡುವವನು ಬರುವುದರೊಳಗೆ ಬರೆದು ಮುಗಿಸಬೇಕು, ಇಲ್ಲದಿದ್ದರೆ ಇನ್ನೊಂದು ವರ್ಷ ಹೋಗುತ್ತದೆ. ನಾನು ಹೇಳಿದ್ದು ನಿಜ, ಆದರೆ ಕೆಳಗೆ ಹೇಳಲಿಲ್ಲ. ಎಡಗಡೆಯ ಸ್ವಿಚ್ ಮಾತ್ರ ಹಾಕಿದ್ದೆ. ಪಾತಾಳದ ಗಾಡಿಗಳಿಗೆ ಹೇಳುವವಳು ಆ ದಿನ ರಜೆ, ನನ್ನ ಕೈ ಹದಿನೇಳು ವರ್ಷದ ರೂಢಿಯಲ್ಲಿ ಎಡಕ್ಕೇ ಹೋಯಿತು. ಯಾರೂ ಇಲ್ಲದ ಮೇಲಿನ ಪ್ಲಾಟ್‌ಫಾರ್ಮಿಗೆ ಇಳಿಯಿರಿ ಅಂತ ಹೇಳಿ, ಪುಸ್ತಕದಲ್ಲಿ ಬರೆದು, ನೀನು ಫೋನ್ ಮಾಡಿದಾಗಲೂ ಸ್ವಿಚ್ಚಿನ ಕಡೆ ತಿರುಗಿ ನೋಡಲಿಲ್ಲ. ಕೆಳಗಿನಿಂದ ಕೂಗು ಕೇಳಿದ ಮೇಲೆ ನೋಡಿದೆ. ಬಲಗಡೆಯದು ಆರಿತ್ತು. ಸೂಪರ್‌ವೈಜರು ಬರುವ ಮೊದಲು ಒಂದು ಬೆರಳಿನಲ್ಲಿ ಅದನ್ನೂ ಹಾಕಿಬಿಟ್ಟೆ. ಅದು ಅಪ್ಪ ಅಂತ ಆಗ ಗೊತ್ತಿರಲಿಲ್ಲ. ಗೊತ್ತಾದ ಮೇಲೂ ಹದಿನಾಲ್ಕು ತಿಂಗಳು ಬಾಯಿ ಬಿಡಲಿಲ್ಲ. ಇದನ್ನೇ ಬರೆದು ನಿನ್ನೆ ಸಾಯಂಕಾಲ ದೊಡ್ಡ ಸಾಹೇಬರ ಕೈಗೆ ಕೊಟ್ಟು ಬಂದಿದ್ದೇನೆ. ಕೆಲಸ ಹೋಗುತ್ತದೆ, ಕೇಸೂ ಆಗಬಹುದು, ಆಗಲಿ. ಈಗ ಈ ಕಾಗದಕ್ಕೆ ಸಹಿ ಹಾಕಿದ ಮೇಲೆ ಒಳಗೆ ಹೋಗಿ ಅಮ್ಮನಿಗೂ ಹೇಳಿದೆ. ಬೈಯುತ್ತಾಳೆ ಅಂದುಕೊಂಡಿದ್ದೆ, ಬೈಯಲಿಲ್ಲ. ನೀರು ಕೊಟ್ಟರೆ ನನ್ನ ಕೈಯಿಂದ ತೆಗೆದುಕೊಳ್ಳಲಿಲ್ಲ. ಮಂಡಿ ಹಿಡಿದುಕೊಂಡು ಎದ್ದು ಹೋಗಿ, ನಿನ್ನ ಹಾಸಿಗೆ ಒಬ್ಬಳೇ ಎಳೆದು ತಂದು ಬಿಸಿಲಿಗೆ ಹಾಕುತ್ತಿದ್ದಾಳೆ. ನಾನು ಸಹಾಯಕ್ಕೆ ಹೋದರೆ ಬೇಡ ಅಂತ ಕೈ ಮಾಡಿದಳು. ನೀನು ಬಾ. ನನ್ನ ಜೊತೆ ಮಾತಾಡದಿದ್ದರೂ ಸರಿ, ಬಾ. ಆ ಇನ್ನೊಬ್ಬ ಡಾಕ್ಟರ ಹತ್ತಿರ ಮಾತ್ರ ಹೋಗಬೇಡ. ನಿನ್ನ ಕಿವಿಗೆ ಏನೂ ಆಗಿಲ್ಲ ಕಣೋ.