ತಟ್ಟಿದ ಬಾಗಿಲು

ದೀಪದ ಮನೆ
ಶನಿವಾರ, ಬೆಳಿಗ್ಗೆ

ಪ್ರೀತಿಯ ಅಮ್ಮಾ,

ನಿನ್ನ ಮೊಂಡು ಮಗಳ ನಮಸ್ಕಾರ. ತಲುಪಿದ ದಿನವೇ ಬರೆಯುತ್ತೇನೆಂದು ಹೇಳಿ ಒಂಬತ್ತು ದಿನ ಸತಾಯಿಸಿದ್ದೇನೆ. ಮೊದಲು ಬೈದುಬಿಡು, ಆಮೇಲೆ ಓದು.

ಈ ಮಂತ್ರಶಾಲೆಯಲ್ಲಿ ವಿದ್ಯೆಗೊಂದರಂತೆ ಏಳು ಮನೆಗಳಿವೆ. ಹೊಸಬರು ಏಳೂ ಬಾಗಿಲುಗಳ ಮೇಲೆ ಕೈಯಿಡಬೇಕು. ಯಾವುದು ತೆರೆಯುತ್ತದೋ ಅದೇ ಅವರ ಮನೆ. ಜೊತೆಗೆ ಬಂದವರಿಗೆಲ್ಲ ಒಂದೊಂದು ತೆರೆಯಿತು. ನನಗೆ ಏಳೂ ತೆರೆದವು. ನಿನ್ನ ಅಂಗಡಿಗೆ ರಿಪೇರಿಗೆ ಬಂದ ಯಾವ ಬೀಗ ತಾನೇ ನನ್ನ ಬೆರಳು ತಾಗಿದ ಮೇಲೆ ಸುಮ್ಮನಿತ್ತು ಹೇಳು? ನಮ್ಮ ಹಿಂಬಾಗಿಲಿಗೆ ನೀನೇ ಮಾಡಿದ ಬೀಗವೊಂದನ್ನು ಬಿಟ್ಟು. ಅದೊಂದು ಮಾತ್ರ ಮಗಳ ಕೈಗೆ ಬಗ್ಗುವುದಿಲ್ಲವೆಂದು ಗಿರಾಕಿಗಳ ಮುಂದೆಲ್ಲ ಕೊಚ್ಚಿಕೊಳ್ಳುತ್ತೀಯಲ್ಲ.

ಗುರುಗಳು ತಲೆ ಕೆರೆದುಕೊಂಡರು. ಎಲ್ಲವೂ ತೆರೆದರೆ ಯಾವುದು ನಿನ್ನದೆಂದು ಹೇಗೆ ಹೇಳುವುದು, ಹತ್ತು ದಿನದೊಳಗೆ ಗೊತ್ತಾಗದಿದ್ದರೆ ವಾಪಸು ಕಳಿಸಬೇಕಾಗುತ್ತದೆ ಎಂದರು. ಅಂದಿನಿಂದ ಮೆಟ್ಟಿಲ ಕೆಳಗೆ ನನ್ನ ಹಾಸಿಗೆ. ಖುಷಿಯಾಗಿದ್ದೇನೆಂದು ಬರೆಯಲು ಕೂತು ಮೂರು ಹಾಳೆ ಹರಿದೆ. ನಿಜ ಹೇಳುತ್ತೇನೆ, ತುಂಬ ಅತ್ತೆ. "ನಿನ್ನಂಥೋರೇ ಇರೋ ಜಾಗಕ್ಕೆ ಹೋಗು ಕಂದ, ಅಲ್ಲಿ ಯಾರೂ ನಿನ್ನ ನೋಡಿ ಪೆಟ್ಟಿಗೆ ಬಚ್ಚಿಡಲ್ಲ" ಎಂದು ನೀನು ಕಳಿಸಿದ್ದೆ. ಇಲ್ಲಿಯೂ ನನ್ನಂಥವರು ಯಾರೂ ಇರಲಿಲ್ಲ.

ಮೊನ್ನೆ ಪಾತ್ರೆ ತೊಳೆಯುವಾಗ ಅಡುಗೆಯಜ್ಜಿ, ಮನೆಯಲ್ಲಿ ಹೇಗೆ ಒಳಗೆ ಹೋಗುತ್ತಿದ್ದೆ ಎಂದು ಕೇಳಿದರು. ಹಿಂಬಾಗಿಲು ತಟ್ಟುತ್ತಿದ್ದೆ ಎಂದೆ. ಹಾಗಾದರೆ ಇಲ್ಲಿಯೂ ತಟ್ಟು ಎಂದು ಮರದ ಸೌಟು ಕೊಟ್ಟರು. ಕೈ ತಾಗಿದರೆ ಬಾಗಿಲು ತಾನೇ ತೆರೆದುಬಿಡುತ್ತದಲ್ಲ.

ಸೌಟು ಹಿಡಿದು ಹೊರಟ ನನ್ನನ್ನು ನೋಡಿ ಅಂಗಳವೆಲ್ಲ ನಕ್ಕಿತು. ಐದು ಮನೆಯವರು, ನಿನಗೆ ಹೇಗೂ ತೆರೆಯುತ್ತದೆ, ಬಾ ಎಂದು ಕೂತಲ್ಲಿಂದಲೇ ಕೂಗಿದರು. ಆರನೆಯದು ದೀಪದ ಮನೆ. ಒಳಗೆ ಯಾರೋ ಕುಂಟುತ್ತ ಬರುವ ಸದ್ದಾಯಿತು. ಕೈತುಂಬ ಮಸಿ ಮಾಡಿಕೊಂಡಿದ್ದ ಹುಡುಗಿಯೊಬ್ಬಳು ಮೊಣಕೈಯಿಂದ ಚಿಲಕ ಸರಿಸಿ ಇಣುಕಿದಳು. "ಎಷ್ಟೊತ್ತಿಂದ ಹೊರಗೇ ನಿಂತಿದ್ದೀಯೇ? ಬಾ ಒಳಗೆ."

ಇದೇ ನನ್ನ ಮನೆ ಎಂದು ಗುರುಗಳಿಗೆ ಹೇಳಿಬಿಟ್ಟೆ, ಅವರೂ ಒಪ್ಪಿದರು. ಅವಳ ಹಾಸಿಗೆಯ ಪಕ್ಕದಲ್ಲೇ ನನ್ನದು. ಅವಳ ಗೊರಕೆಯ ವಿಷಯ ಮಾತ್ರ ಕೇಳಬೇಡ.

ಇಂತಿ, ನೀನಿಟ್ಟ ಅಡ್ಡಹೆಸರಿನ,
ಚಿಲಕ

ಮರೆತ ಮಾತು: ನಮ್ಮ ಹಿಂಬಾಗಿಲ ಬೀಗವೂ ನನಗೆ ಆರು ವರ್ಷವಿದ್ದಾಗಲೇ ತೆರೆದುಕೊಂಡಿತ್ತು ಅಮ್ಮಾ. ಮೆತ್ತಗೆ ಮತ್ತೆ ಹಾಕಿ, ಬಾಗಿಲು ತಟ್ಟಿದ್ದೆ. ನೀನು ಕೈಲಿದ್ದ ಕೆಲಸ ಬಿಟ್ಟು "ಬಂದೆ ಮಗಳೇ" ಎನ್ನುತ್ತ ಬರುವುದನ್ನು ಕೇಳಬೇಕಿತ್ತು. ಗಿರಾಕಿಗಳಿಗೆ ಹೇಳಬೇಡ. ರಜೆಗೆ ಬಂದಾಗಲೂ ತಟ್ಟುತ್ತೇನೆ.