ಹಳದಿ ಬಾವುಟ

ಸೋಮವಾರ, ನವೆಂಬರ್ 4

‘ತಡವಾಗಿ ಬಂದವರಿಗೂ ಬೆಳಕು ಅಷ್ಟೇ...’ ಹೀಗೇನೋ ಒಂದು ಸಾಲು. ಎಲ್ಲಿ ಓದಿದ್ದು, ಮುಂದೇನಿತ್ತು, ಒಂದೂ ನೆನಪಿಲ್ಲ. ಹಲ್ಲುಜ್ಜುವಾಗ ಬಾಯಿಗೆ ಬಂತು, ಶಾಲೆಯ ಗೇಟಿನವರೆಗೂ ಬಿಡಲಿಲ್ಲ. ನಿಜವೇ ಅದು? ಬೆಳಕಿಗೇನು, ಅದಕ್ಕೆ ಹಾಜರಿ ಕೂಗುವ ಕೆಲಸವಿಲ್ಲ. ನನಗಿದೆ.

ಈ ವಾರ ಗೇಟ್ ಡ್ಯೂಟಿ. ಬೆಲ್ ಆದ ಮೇಲೆ ಬಂದವರನ್ನು ಗೋಡೆಯ ಪಕ್ಕ ನಿಲ್ಲಿಸಬೇಕು, ಕಾರಣ ಕೇಳಬೇಕು, ಚೀಟಿ ಬರೆದು ಒಳಗೆ ಬಿಡಬೇಕು. ಒಬ್ಬಳಿಗೆ ಎಡಗಾಲಿನ ಷೂ ಸಿಗಲಿಲ್ಲ. ಇನ್ನೊಬ್ಬಳ ಅಣ್ಣ ಬಚ್ಚಲಿನಿಂದ ಹೊರಗೆ ಬರಲಿಲ್ಲ. ಎಲ್ಲರೂ ಒಳಗೆ ಹೋದ ಮೇಲೆ, ಎಂದಿನಂತೆ, ನನ್ನ ಏಳನೇ ಕ್ಲಾಸಿನ ‘ಲಾಸ್ಟ್ ಬಸ್’. ಮಕ್ಕಳೇ ಇಟ್ಟ ಹೆಸರು. ಏದುಸಿರು ಬಿಡುತ್ತಿದ್ದಳು. ಒಂದು ಕಡೆ ಜಡೆ, ಇನ್ನೊಂದು ಕಡೆ ಬರೀ ಕೂದಲು.

“ಇವತ್ತೇನಮ್ಮಾ?”

“ಅದೇ ಮಿಸ್.”

“ಅದೇ ಅಂದ್ರೆ?”

“ಪಕ್ಕದ್ಮನೆ ಅಕ್ಕ ಬರೋದು ಲೇಟಾಯ್ತು.”

ತಾಯಿ ಇಲ್ಲ. ತಂದೆ ಹಾಸಿಗೆ ಹಿಡಿದು ವರ್ಷವಾಗುತ್ತ ಬಂತು. ಪಕ್ಕದ ಮನೆಯಾಕೆ ಬಿಸ್ಕೆಟ್ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮುಗಿಸಿ ಬಂದು ಅವರ ಬಳಿ ಕೂರಬೇಕು. ಆಮೇಲೆ ಈ ಹುಡುಗಿ ಓಡಬೇಕು. ಕಾರ್ಖಾನೆಯ ವ್ಯಾನು ನಮ್ಮ ಬೆಲ್ಲನ್ನು ನೋಡಿಕೊಂಡು ಹೊರಡುವುದಿಲ್ಲವಲ್ಲ.

ಚೀಟಿಯಲ್ಲಿ ಕಾರಣ ಬರೆಯಲು ಇರುವ ಜಾಗ ಒಂದು ಬೆರಳಷ್ಟು. ‘ಮನೆಯ ತೊಂದರೆ’ ಎಂದು ಬರೆದೆ. ಹಿಡಿಯಿತು.

ಬುಧವಾರ, ನವೆಂಬರ್ 6

ಹೆಡ್ ಮೇಡಂ ಕರೆಸಿದ್ದರು. ಆರು, ಏಳು, ಎಂಟನೇ ಕ್ಲಾಸಿಗೆ ಹೊಸ ಹಾಜರಿ ನಿಯಮ. ಮೂರು ಲೇಟಿಗೆ ಒಂದು ಆಬ್ಸೆಂಟ್. ಹಾಜರಿ ಮುಕ್ಕಾಲು ಪಾಲಿಗಿಂತ ಕಡಿಮೆಯಾದರೆ ವರ್ಷದ ಪರೀಕ್ಷೆಗೆ ಕೂರಿಸುವುದಿಲ್ಲ. ನೋಟಿಸು ನಾನು ಬರೆಯಬೇಕು.

“ನೀವು ಎಂ.ಎ. ಮಾಡಿದೋರು. ಸ್ವಲ್ಪ ಮೆತ್ತಗೆ ಬರೀರಿ. ಪೇರೆಂಟ್ಸ್ ಜಗಳಕ್ಕೆ ಬರಬಾರದು.”

ಬರೆದೆ. ಮೆತ್ತಗಾದಷ್ಟೂ ಹೆದರಿಕೆ ಹುಟ್ಟಿಸುವಂತಿತ್ತು. ಆಗ ಹೊಳೆಯಿತು — ಬರೀ ಶಿಕ್ಷೆ ಯಾಕೆ? ಒಂದು ಖುಷಿಯೂ ಇರಲಿ. ಯಾವ ಕ್ಲಾಸಿನಲ್ಲಿ ವಾರವಿಡೀ ಎಲ್ಲರೂ ಬೆಲ್ಲಿಗೆ ಮೊದಲೇ ಬರುತ್ತಾರೋ ಆ ಕ್ಲಾಸಿನ ಬಾಗಿಲಿಗೆ ಮುಂದಿನ ವಾರ ಒಂದು ಬಾವುಟ. ಹೆಡ್ ಮೇಡಂ ಒಪ್ಪಿದರು.

ಸ್ಟಾಫ್ ರೂಮಿನಲ್ಲಿ ಲೆಕ್ಕದ ಮೇಷ್ಟ್ರು ಕನ್ನಡಕದ ಮೇಲಿಂದ ನೋಡಿದರು. “ಜ್ವರ ಬಂದು ಮಲಗಿರೋ ಮಗೂನೂ ಲೆಕ್ಕಕ್ಕೆ ಹಿಡೀತೀರಾ?”

“ಎಲ್ಲರೂ ಅಂದ್ರೆ ಎಲ್ಲರೂ ಸಾರ್. ಒಂದು ರಿಯಾಯಿತಿ ಬಂದ್ರೆ ಆ ಮಾತಿಗೇನು ಬೆಲೆ?”

“ಕವಿತೆ ಓದೋರ ಕೈಗೆ ರೂಲ್ಸ್ ಕೊಟ್ರೆ ಹೀಗೇ ನೋಡಿ,” ಎಂದು ನಕ್ಕರು. ನಾನೂ ನಕ್ಕೆ.

ಈಗ ಹಳೆಯ ಹಳದಿ ಪರದೆ ಕತ್ತರಿಸಿ ಹೊಲಿಯುತ್ತಿದ್ದೇನೆ, ನಡುನಡುವೆ ಈ ಬರವಣಿಗೆ. ಎದುರಿಗೆ ಅತ್ತೆ. “ಊರಿಗೆ ಉಪಕಾರಿ, ಮನೆಗೆ ಮಾರಿ. ನನ್ನ ದಿಂಬಿನ ಹೊಲಿಗೆ ಬಿಟ್ಟು ತಿಂಗಳಾಯ್ತು.”

ಶುಕ್ರವಾರ, ನವೆಂಬರ್ 15

ಬಾವುಟ ಆರನೇ ಕ್ಲಾಸಿಗೆ ಹೋಯಿತು. ನಮ್ಮಲ್ಲಿ ಎಲ್ಲರೂ ಇದ್ದರು — ಲಾಸ್ಟ್ ಬಸ್ ಒಬ್ಬಳನ್ನು ಬಿಟ್ಟು. ಎರಡು ದಿನ ಲೇಟು, ನಿನ್ನೆ ಬರಲೇ ಇಲ್ಲ.

ನಮ್ಮ ಮಾನಿಟರ್ ಎದ್ದು ನಿಂತಳು. ಗೇಣುದ್ದದ ಹುಡುಗಿ, ಮಾತು ಮಾತ್ರ ಅಜ್ಜಿಯದು. “ಮಿಸ್, ಅವಳನ್ನ ಬಿಟ್ಟು ಎಣಿಸಿದ್ರೆ ನಮ್ಮದು ಫುಲ್ ಆಗತ್ತೆ.”

ಗದರಿದೆ. ಅವಳು ಕೂತಳು, ಆ ಮಾತು ಕೂರಲಿಲ್ಲ. ಬೆಂಚಿನಿಂದ ಬೆಂಚಿಗೆ ಹೋಗುತ್ತಲೇ ಇತ್ತು. ಲಾಸ್ಟ್ ಬಸ್ ತಲೆ ತಗ್ಗಿಸಿ ಪುಸ್ತಕ ನೋಡುತ್ತಿದ್ದಳು. ಆ ಪುಟದಲ್ಲಿ ಏನೂ ಬರೆದಿರಲಿಲ್ಲ.

ಸೋಮವಾರ, ನವೆಂಬರ್ 18. ಸಂಜೆ

ನಂಬಲಿಕ್ಕೇ ಆಗಲಿಲ್ಲ. ಬೆಲ್ಲಿಗೆ ಮೊದಲೇ ಲಾಸ್ಟ್ ಬಸ್ ಬೆಂಚಿನಲ್ಲಿದ್ದಳು! ಎರಡೂ ಜಡೆ.

ಮಾನಿಟರ್ ಮತ್ತು ಇನ್ನಿಬ್ಬರು ಬೆಳಗ್ಗೆ ಅವಳ ಮನೆಗೇ ಹೋಗಿದ್ದರಂತೆ. ಒಬ್ಬಳು ಜಡೆ ಹಾಕಿದಳು, ಒಬ್ಬಳು ಬ್ಯಾಗು ಹೊತ್ತಳು. “ಮದುಮಗಳನ್ನ ಕರ್ಕೊಂಡು ಬಂದ ಹಾಗೆ ಬಂದ್ವಿ ಮಿಸ್. ದಿನಾ ಹೋಗ್ತೀವಿ.”

ಹೊಟ್ಟೆ ತುಂಬಿತು. ಒಂದು ಚೂರು ಬಟ್ಟೆ ಇಷ್ಟು ಮಾಡಬಲ್ಲುದೇ?

ಶುಕ್ರವಾರ, ನವೆಂಬರ್ 22

ಬಾವುಟ ನಮ್ಮದು.

ಕಟ್ಟುವ ಕೆಲಸ ಅವಳಿಗೇ ಕೊಟ್ಟರು. ಬೆಂಚಿನ ಮೇಲೆ ಹತ್ತಿಸಿ, ಬೀಳದಂತೆ ಆರು ಕೈಗಳು ಹಿಡಿದುಕೊಂಡವು. ಕೆಳಗಿನಿಂದ ಎಲ್ಲರೂ ಹೆಸರು ಹಿಡಿದು ಕೂಗುತ್ತಿದ್ದರು. ಅಡ್ಡಹೆಸರಲ್ಲ, ಅವಳ ಸ್ವಂತ ಹೆಸರು. ಅವಳು ನಕ್ಕಾಗ ಮುಂದಿನ ಎರಡು ಹಲ್ಲುಗಳ ನಡುವೆ ಸಂದಿ ಇದೆ ಎಂದು ಇವತ್ತು ಗೊತ್ತಾಯಿತು. ಜೂನ್‌ನಿಂದ ನನ್ನ ಕ್ಲಾಸಿನಲ್ಲಿದ್ದಾಳೆ.

ಲೆಕ್ಕದ ಮೇಷ್ಟ್ರು ವರಾಂಡದಲ್ಲಿ ನಿಂತು ನೋಡಿದರು. “ಸೋತೆ ಮೇಡಂ. ಕವಿತೆ ಗೆಲ್ತು.”

ನಾನೂ ಇಲ್ಲಿ ಅಡ್ಡಹೆಸರನ್ನೇ ಬರೆಯುತ್ತ ಬಂದಿದ್ದೇನಲ್ಲ. ಇನ್ನು ಬರೆಯುವುದಿಲ್ಲ.

ಮಂಗಳವಾರ, ಡಿಸೆಂಬರ್ 3

ಇಷ್ಟು ದಿನ ಬರೆದಿಲ್ಲ. ಖುಷಿಯಾಗಿರುವಾಗ ಈ ಪುಸ್ತಕ ನೆನಪಾಗುವುದಿಲ್ಲ.

ಮಧ್ಯಾಹ್ನ ಊಟದ ಬಿಡುವಿನಲ್ಲಿ ಆ ಹುಡುಗಿ ಒಬ್ಬಳೇ ನಲ್ಲಿಯ ಹತ್ತಿರ ಸಿಕ್ಕಳು. ಮಾತಿಗೆ ಮಾತು ಅಂತ ಕೇಳಿದೆ. “ಪಕ್ಕದ ಮನೆ ಅಕ್ಕ ಈಗ ಬೇಗ ಬರ್ತಾರಾ?”

“ಇಲ್ಲ ಮಿಸ್. ಅದೇ ಟೈಮು.”

“ಮತ್ತೆ, ಅವರು ಬರೋವರೆಗೂ ಅಪ್ಪನ ಹತ್ತಿರ ಯಾರಿರ್ತಾರೆ?”

“ತಟ್ಟೆ ಇಟ್ಟು ಬರ್ತೀನಿ.”

“ತಟ್ಟೆನಾ?”

“ಸ್ಟೀಲ್ ತಟ್ಟೆ, ಚಮಚ. ಏನಾದ್ರೂ ಬೇಕಾದ್ರೆ ಬಾರಿಸ್ತಾರೆ. ಕೆಳಗಿನ ಮನೆಯವರಿಗೆ ಕೇಳತ್ತೆ.”

“ಬಾರಿಸೋ ಅಷ್ಟು ಶಕ್ತಿ ಇದೆಯಾ ಅವರಿಗೆ?”

ಅವಳು ತಿರುಗಿಸುತ್ತಿದ್ದ ನಲ್ಲಿಯನ್ನು ಇನ್ನಷ್ಟು ಬಿಗಿಯಾಗಿ ತಿರುಗಿಸಿದಳು.

“ನಾಳೆಯಿಂದ ಅಕ್ಕ ಬಂದ ಮೇಲೇ ಹೊರಡು ಪುಟ್ಟಾ. ಕ್ಲಾಸಿಗೆ ನಾನು ಹೇಳ್ತೀನಿ.”

“ಹೇಳಬೇಡಿ ಮಿಸ್.” ಅಳಲಿಲ್ಲ. ಲೆಕ್ಕ ಒಪ್ಪಿಸುವ ದನಿ. “ನಾನು ಲೇಟಾದ್ರೆ ಬಾವುಟ ಹೋಗತ್ತೆ. ಈಗ ಯಾರೂ ಲಾಸ್ಟ್ ಬಸ್ ಅನ್ನಲ್ಲ.”

ಬುಧವಾರ, ಡಿಸೆಂಬರ್ 4

ಹೆಡ್ ಮೇಡಂಗೆ ಎಲ್ಲ ಹೇಳಿದೆ. ಜಗಳಕ್ಕೆ ಸಿದ್ಧವಾಗಿಯೇ ಹೋಗಿದ್ದೆ. ಜಗಳವೇ ಆಗಲಿಲ್ಲ.

“ಲೇಟ್ ಪರ್ಮಿಷನ್ ಕೊಡೋಣ, ಅದಕ್ಕೇನು. ಪರೀಕ್ಷೆಗೂ ಕೂರಿಸೋಣ. ನನ್ನ ರೂಲಿನಲ್ಲಿ ದಾರಿ ಇದೆ.” ಪೆನ್ನಿನ ಮುಚ್ಚಳ ಹಾಕಿದರು. “ನಿಮ್ಮ ಬಾವುಟದಲ್ಲಿ ಇಲ್ವಲ್ಲ ಮೇಡಂ?”

ಇಲ್ಲ. ಶಿಕ್ಷೆಯಾಗಿದ್ದರೆ ಮಾಫಿ ಮಾಡಬಹುದಿತ್ತು. ಆರು ಕೈಗಳು ಹಿಡಿದುಕೊಂಡಿದ್ದನ್ನು ಮಾಫಿ ಮಾಡುವುದು ಹೇಗೆ? ಬಾವುಟ ಈಗಲೇ ಇಳಿಸಿದರೆ ಯಾಕೆಂದು ಕೇಳುತ್ತಾರೆ. ಕೇಳಿದರೆ ಎಲ್ಲರ ಕಣ್ಣೂ ಅವಳ ಮೇಲೆ.

ವಾರ ಮುಗಿಯಲಿ. ಶುಕ್ರವಾರ ಇಳಿಸುತ್ತೇನೆ. ಏನಾದರೂ ನೆಪ ಹುಡುಕಿ.

ಭಾನುವಾರ, ಡಿಸೆಂಬರ್ 8

ಇಳಿಸಲಿಲ್ಲ.

ಶುಕ್ರವಾರ ಮತ್ತೆ ನಾವೇ ಗೆದ್ದೆವು. ಚಪ್ಪಾಳೆ, ಕೇಕೆ. ಅವಳು ಬೆಂಚು ಹತ್ತಿ ಬಾವುಟದ ಗಂಟನ್ನು ಬಿಗಿ ಮಾಡಿದಳು. ಆ ಗದ್ದಲದಲ್ಲಿ ನಾನೂ ಚಪ್ಪಾಳೆ ತಟ್ಟಿದೆ. ಬೆಲ್ ಆದ ಮೇಲೆ ಬಾಗಿಲ ಬಳಿ ನಿಲ್ಲಿಸಿ ಅಪ್ಪನ ಬಗ್ಗೆ ಕೇಳಿದೆ. “ನಿನ್ನೆಯಿಂದ ನೀರೂ ಇಳೀತಿಲ್ಲ ಮಿಸ್. ಡಾಕ್ಟರ್ ಬಂದಿದ್ರು. ಮನೇಲೇ ಇಟ್ಕೊಳ್ಳಿ ಅಂದ್ರು,” ಎಂದಳು. ಆಮೇಲೆ ತಾನೇ, “ಸೋಮವಾರ ಬರ್ತೀನಿ ಮಿಸ್,” ಎಂದಳು. ನಾನು ಕೇಳಿರಲಿಲ್ಲ.

ಎರಡು ದಿನದಿಂದ ಮಕ್ಕಳಿಗೆ ಏನು ಹೇಳಲಿ ಎಂದು ವಾಕ್ಯ ಕಟ್ಟುತ್ತಿದ್ದೇನೆ. ಕಟ್ಟುತ್ತೇನೆ, ಹೊಡೆದುಹಾಕುತ್ತೇನೆ. ಅತ್ತೆಗೆ ವಿಷಯವೆಲ್ಲ ಹೇಳಿದ್ದೆ. ದಿಂಬು ಸರಿಮಾಡಿಕೊಂಡು ಅಂದರು: “ಬಟ್ಟೆ ತುಂಡು ಬಿಚ್ಚೋಕೆ ಇಷ್ಟು ಯೋಚನೆನಾ? ಹೊಲಿಯೋವಾಗ ಇದರಲ್ಲಿ ಅರ್ಧ ಮಾಡಿದ್ರೂ ಸಾಕಿತ್ತು ಕಣಮ್ಮ.”

ಹೌದು. ‘ಎಲ್ಲರೂ ಅಂದ್ರೆ ಎಲ್ಲರೂ’ — ಎಷ್ಟು ಚೆಂದ ಕೇಳಿಸಿತ್ತು ಅವತ್ತು. ಚೆಂದ ಕೇಳಿಸಿತು ಅಂತಲೇ ಬಿಟ್ಟುಕೊಡಲಿಲ್ಲ.

ನಿರ್ಧಾರ ಆಯಿತು. ನಾಳೆ ಬೆಳಗ್ಗೆ ಅವಳು ಹೊರಡುವ ಮೊದಲೇ ಅವರ ಮನೆಗೆ ಹೋಗುತ್ತೇನೆ. ನೀನು ಅಪ್ಪನ ಹತ್ತಿರವೇ ಇರು ಎನ್ನುತ್ತೇನೆ. ಪಕ್ಕದ ಮನೆಯಾಕೆ ಬರುವವರೆಗೆ ನಾನೂ ಕೂರುತ್ತೇನೆ. ಅಲ್ಲಿಂದ ಶಾಲೆಗೆ ಹೋಗಿ, ನೆಪ ಹೇಳದೆ, ತಪ್ಪು ನನ್ನದು ಎಂದು ಹೇಳಿ ಬಾವುಟ ನಾನೇ ಬಿಚ್ಚುತ್ತೇನೆ.

ಆ ಬೆಳಕಿನ ಸಾಲಿನ ಮುಂದಿನ ತುಂಡು ಇನ್ನೂ ನೆನಪಾಗಿಲ್ಲ.

ಸೋಮವಾರ, ಡಿಸೆಂಬರ್ 9. ಅವರ ಬೀದಿಯ ಬಸ್ ಸ್ಟಾಪು

ಬಸ್ಸು ಬರುತ್ತಿಲ್ಲ. ಆಟೋ ಒಂದೂ ಇಲ್ಲ. ಹೆಡ್ ಮೇಡಂ ಫೋನ್ ಎತ್ತುತ್ತಿಲ್ಲ, ಪ್ರಾರ್ಥನೆಯ ಹೊತ್ತು. ಏನಾದರೂ ಮಾಡುತ್ತಿರಬೇಕು, ಅದಕ್ಕೆ ಬರೆಯುತ್ತಿದ್ದೇನೆ.

ಬೆಳಗ್ಗೆ ಮೊದಲ ಬಸ್ಸು ತಪ್ಪಿತು. ಇವತ್ತು ಲೇಟಾದದ್ದು ನಾನು. ಟೈರ್ ಅಂಗಡಿಯ ಪಕ್ಕದ ಕಿರಿದಾದ ಮೆಟ್ಟಿಲು, ಮೇಲೆ ಎರಡು ಬಾಗಿಲು. ನೀಲಿ ಬಾಗಿಲು ಅರ್ಧ ತೆರೆದಿತ್ತು. ಒಳಗೆ ಮಂಚದ ಪಕ್ಕದ ಸ್ಟೂಲಿನ ಮೇಲೆ ತಟ್ಟೆ, ಅದರೊಳಗೆ ಚಮಚ. ಮಂಚದ ಮೇಲೆ ಹೊದಿಕೆ. ಹೊದಿಕೆ ಮುಖದ ಮೇಲೂ ಇತ್ತು.

ಒಬ್ಬ ಹೆಂಗಸು ಎದ್ದು ಬಾಗಿಲಿಗೆ ಬಂದರು. ತಲೆಯ ಮೇಲೆ ಕಾರ್ಖಾನೆಯ ಬಲೆಟೋಪಿ ಹಾಗೇ ಇತ್ತು. ಪಕ್ಕದ ಮನೆಯ ಅಕ್ಕ. ನನ್ನನ್ನು ಮೇಲಿಂದ ಕೆಳಗೆ ನೋಡಿದರು, ಕೈಯಲ್ಲಿದ್ದ ಶಾಲೆಯ ಚೀಲವನ್ನು ನೋಡಿದರು.

“ಟೀಚರ್ ಅಲ್ವಾ ನೀವು? ಅವಳು ಸ್ಕೂಲಿಗೆ ಬಂದ್ಲಲ್ಲ... ಬೆಳಕು ಹರಿಯೋ ಮುಂಚೆ ಅಪ್ಪ ಹೋಗ್ಬಿಟ್ರು. ಫೋನ್ ಮಾಡಿದ್ಲು, ಪಾಳಿ ಬಿಟ್ಟು ಓಡಿಬಂದೆ. ನಾನು ಬಂದು ಕೂತಿದ್ದೇ ತಡ, ಮುಖ ತೊಳೆದು ಯೂನಿಫಾರ್ಮ್ ಹಾಕ್ಕೊಂಡ್ಲು. ಬೇಡ ಕಣೇ ಅಂದೆ. ಕೇಳಲಿಲ್ಲ. ಗೆಳತೀರು ಕರಿಯೋಕೆ ಬರೋಕೂ ಮುಂಚೆನೇ ಹೊರಟ್ಲು. ‘ಒಂದು ಪ್ರೆಸೆಂಟ್ ಹೇಳಿ ಬಂದ್ಬಿಡ್ತೀನಿ ಅಕ್ಕಾ, ಅಲ್ಲೀವರೆಗೂ ಯಾರಿಗೂ ಹೇಳಬೇಡಿ’ ಅಂದ್ಲು.”