ಆರು ತಂತಿಯ ಹಾಸು

ಲೇಡೀಸ್ ಹಾಸ್ಟೆಲ್, ಜಮಖಂಡಿ
ಭಾನುವಾರ, 9 ನವೆಂಬರ್ 2025

ನನ್ನ ಅವ್ವನಿಗೆ,

ನಿನ್ನ ಪೂರ್ಣಿಮಾಳ ನಮಸ್ಕಾರ. ಗಾಬರಿಯಾಗಬೇಡ. ಹಾಗೆ ಬರೆದದ್ದಕ್ಕೇ ನೀನು ಗಾಬರಿಯಾಗುತ್ತೀ ಎಂದು ಗೊತ್ತು, ಆದರೆ ಬೇರೆ ಹೇಗೆ ಶುರು ಮಾಡಬೇಕೋ ತಿಳಿಯಲಿಲ್ಲ. ನನಗೆ ಜ್ವರವಿಲ್ಲ, ಇಂಟರ್ನಲ್ಸ್ ಕೂಡ ಕೆಮಿಸ್ಟ್ರಿ ಒಂದು ಬಿಟ್ಟರೆ ಚೆನ್ನಾಗಿಯೇ ಆದವು. ವಿಷಯ ಅಪ್ಪನಿಗೆ ಗುಟ್ಟಾಗಿ ಕೊಡಬೇಕೆಂದಿರುವ ಗಿಟಾರಿನದು.

ಫೋನಿನಲ್ಲಿ ಹೇಳೋಣವೆಂದರೆ ಮನೆಯಲ್ಲಿರುವುದು ಒಂದೇ ಫೋನು. ಅಪ್ಪನ ಕಿವಿಗಾಗಿ ಅದರ ಸದ್ದು ಪೂರಾ ಏರಿಸಿಟ್ಟಿದ್ದೀರಿ. ನಾನು ಇಲ್ಲಿ ಪಿಸುಗುಟ್ಟಿದರೂ ಬನಹಟ್ಟಿಯ ನಮ್ಮ ಓಣಿಗೆಲ್ಲ ಕೇಳುತ್ತದೆ. ಮೆಸೇಜು ಕಳಿಸಿದರೆ ಮೊದಲು ಓದುವವನು ಅಪ್ಪನೇ. ನನ್ನ ರೂಮಿನ ಅಕ್ಷತಾ ಇವತ್ತು ನಮ್ಮೂರ ಕಡೆ ಹೊರಟಿದ್ದಾಳೆ. ಇದನ್ನು ನಿನ್ನ ಕೈಯಲ್ಲೇ ಕೊಡಬೇಕೆಂದು ಆಣೆ ಮಾಡಿಸಿಕೊಂಡಿದ್ದೇನೆ.

ನೀನು ಹೇಳಿದಂತೆ ಸಮೀರವಾಡಿಯ ಆ ನಿವೃತ್ತ ಸಾಹೇಬರ ಮನೆಗೆ ಹೋಗಿ ಗಿಟಾರು ಕೊಂಡು ತಂದೆ. ಕಲ್ಕತ್ತಾದಲ್ಲಿ ಮಾಡಿದ್ದಂತೆ, ವಯಸ್ಸಿನಲ್ಲಿ ಅಪ್ಪನಿಗಿಂತ ಹಿರಿಯದು. ಜೇನಿನ ಬಣ್ಣ, ಯಾರದೋ ಮೊಣಕೈ ಊರಿ ಊರಿ ಒಂದು ಕಡೆ ಸವೆದಿದೆ. ಅವರು ವಿಂಟೇಜ್ ಎಂದರು, ನಾನು ಎಲ್ಲ ತಿಳಿದವಳಂತೆ ಯೆಸ್ ಸರ್ ಎಂದೆ. ಬರೀ ಹಳೆಯದಕ್ಕೂ ವಿಂಟೇಜಿಗೂ ಏನು ವ್ಯತ್ಯಾಸ ಎಂದು ಕೇಳುವ ಧೈರ್ಯ ಬರಲಿಲ್ಲ. ಬಸ್ಸಿನುದ್ದಕ್ಕೂ ಮೋಸ ಹೋದೆನೇನೋ ಎಂಬ ಟೆನ್ಶನ್. ಕಂಡಕ್ಟರ್ ಬೇರೆ ನನ್ನ ಆಧಾರ್ ನೋಡಿ, ಪಕ್ಕದ ಸೀಟಿನಲ್ಲಿದ್ದ ಗಿಟಾರು ನೋಡಿ, "ಇದು ಹೆಣ್ಣೋ ಗಂಡೋ ತಂಗಿ? ಗಂಡಾದರ ಟಿಕೀಟ ಹರೀಬೇಕಾಗತೈತಿ" ಎಂದ. ಬಸ್ಸೆಲ್ಲ ನಕ್ಕಿತು. ನನಗೆ ಅಳು ಬಂತು.

ಹಾಸ್ಟೆಲಿನಲ್ಲಿ ಇಡುವಂತಿಲ್ಲವಲ್ಲ, ನಾವು ಮಾತಾಡಿಕೊಂಡಂತೆ ರಬಕವಿಯ ಅಜ್ಜನ ಮನೆಯಲ್ಲಿಟ್ಟೆ. ಹಳೇ ಕಟ್ಟಿಗೆ, ದಾರಿಯಲ್ಲಿ ಭಾರ ಬೀಳಬಾರದು ಎಂದು ಸಾಹೇಬರು ತಂತಿಗಳನ್ನು ಸಡಿಲ ಮಾಡಿ ಕೊಟ್ಟಿದ್ದರು. ಮುಟ್ಟಬೇಡ ಎಂದು ಅಜ್ಜನಿಗೆ ಹೇಳಿದ್ದೆ. ಯಾಕೆ ಎಂದು ಹೇಳಿರಲಿಲ್ಲ.

ನಿನ್ನೆ ನೋಡಲು ಹೋದರೆ ಅಜ್ಜ ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡು ತಂತಿ ಬಿಗಿಯುವ ಕೀಲಿ ತಿರುವುತ್ತಿದ್ದ. "ನೋಡಬೇ, ಒಂದು ಬಿಗಿ, ಒಂದು ಸಡ್ಲ ಬಿದ್ದಿತ್ತು. ಹಾಸು ಹಿಂಗಿದ್ದರ ಅರಿವಿ ನೆಟ್ಟಗ ಬರತೈತೇನು? ಆರೂ ಎಳಿ ಸಮ ಮಾಡೇನಿ" ಎಂದು ಹೆಮ್ಮೆಯಿಂದ ತೋರಿಸಿದ. ಜೀವಮಾನವೆಲ್ಲ ಮಗ್ಗಕ್ಕೆ ಹಾಸಿನ ಉದ್ದೆಳೆ ಬಿಗಿದ ಬೆರಳು ಅವ್ವಾ. ದಪ್ಪ ತಂತಿ, ಸಣ್ಣ ತಂತಿ ಎಂದು ನೋಡದೆ ಎಲ್ಲವೂ ಬೆರಳಿಗೆ ಒಂದೇ ಬಿಗಿ ಹತ್ತುವವರೆಗೆ ಎಳೆದಿದ್ದ. ನಾನು ಅಜ್ಜಾ ಎನ್ನುವಷ್ಟರಲ್ಲಿ ಇನ್ನೊಂದು ಸುತ್ತು. ಫಟ್ ಎಂದು, ತಂತಿಗಳ ಬುಡ ಹಿಡಿದಿದ್ದ ಕಟ್ಟಿಗೆಯ ಪಟ್ಟಿ ಕಿತ್ತು ಹಾರಿತು.

ಅಜ್ಜ ಅದನ್ನು ಎತ್ತಿಕೊಂಡು ನೋಡಿ, "ಕಟ್ಟಿಗಿನ ಕಚ್ಚಾ ಐತಿ" ಎಂದ. ಆಮೇಲೆ ನನ್ನ ಮುಖ ನೋಡಿ ಬೆಲ್ಲ ತಂದು ಬಾಯಿಗಿಟ್ಟ. ಅವನನ್ನು ಬೈಯಬೇಡ.

ದೇವರ ದಯೆ, ಅಲ್ಲೇ ಕಟ್ಟಿಗೆ ಕೆಲಸ ಬಲ್ಲ ಒಬ್ಬರು ಸಿಕ್ಕರು. ಯಾರೆಂದು ಈಗ ಕೇಳಬೇಡ. ಹಳೆಯ ಅಂಟು ಕೆರೆದು ಹೊಸದು ಹಚ್ಚಿ, ಮೇಲೆ ಮೆತ್ತನೆಯ ಅರಿವೆಯಿಟ್ಟು ಬಿಗಿದು ಕಟ್ಟಿದರು. ಬುಧವಾರದ ತನಕ ತಂತಿ ಏರಿಸಬಾರದಂತೆ. ಬುಧವಾರ ನಿಮ್ಮ ಮದುವೆಯಾದ ದಿನವೇ ಬಂತಲ್ಲ. ಪಟ್ಟಿ ನಿಲ್ಲುತ್ತದೋ, ಅಪ್ಪನ ಕೈಯಲ್ಲೇ ಮತ್ತೆ ಕಿತ್ತು ಬರುತ್ತದೋ, ನನಗೆ ಗೊತ್ತಿಲ್ಲ.

ಇನ್ನೊಂದು ಮಾತು. ಹೋದ ವಾರ ನೀನು ಅಡುಗೆಮನೆಯಲ್ಲಿ ಕೇಳಿದ್ದು ನನ್ನ ತಲೆಯಿಂದ ಹೋಗುತ್ತಿಲ್ಲ. "ಕಿವಿ ಕೇಳದವಗ ಬಾಜಾ ಕೊಟ್ಟರ ಅಣಕಿಸಿದಂಗ ಆಗೂದಿಲ್ಲೇನು?" ಎಂದಿದ್ದೆಯಲ್ಲ. ಮದುವೆಗೆ ಮುಂಚೆ ಅಪ್ಪ ಗಣಪತಿ ಹಬ್ಬದಲ್ಲಿ ಗೆಳೆಯನ ಗಿಟಾರು ಬಾರಿಸುತ್ತಿದ್ದದ್ದನ್ನು ನೀನು ಎಷ್ಟು ಸಲ ಹೇಳಿದ್ದೀ. ಪವರ್‌ಲೂಮಿನ ಖಟಖಟದಲ್ಲಿ ಆ ಕಿವಿ ಹೋಯಿತು. ಎಲ್ಲರ ಮುಂದೆ ಅವನು ತಂತಿ ಮೀಟಿ, ಏನೂ ಕೇಳದೆ, ನಿನಗಾಗಿ ಸುಮ್ಮನೆ ನಕ್ಕರೆ? ಪಟ್ಟಿ ಕಿತ್ತಾಗ ನನ್ನ ಮನಸ್ಸಿನ ಒಂದು ಮೂಲೆಗೆ ಸಮಾಧಾನವೇ ಆಗಿತ್ತು. ಮುರಿದ ಗಿಟಾರನ್ನು ಯಾರೂ ಬಾರಿಸು ಎನ್ನುವುದಿಲ್ಲವಲ್ಲ.

ಆದರೂ ತಿರುಗಿ ಕೊಡೋಣ ಎನ್ನಬೇಡ. ಬುಧವಾರ ಅಜ್ಜ ಅದನ್ನು ಚಾದರದಲ್ಲಿ ಸುತ್ತಿಕೊಂಡು ಬರುತ್ತಾನೆ. ನೀನೇ ಕೊಡಬೇಕು. ನಾನು ಸಂಜೆಯ ಬಸ್ಸಿಗೆ ಬರುತ್ತೇನೆ.

ನಿನ್ನ ಹೆದರುಪುಕ್ಕಲಿ ಮಗಳು,
ಪೂರ್ಣಿಮಾ

ಮರೆತದ್ದು: ಮರೆತದ್ದಲ್ಲ, ಮುಚ್ಚಿಟ್ಟದ್ದು. ಕವರ್ ಅಂಟಿಸಿ ಮತ್ತೆ ಹರಿದೆ. ನೀನು ಬುಧವಾರದ ತನಕ ಅದೇ ಚಿಂತೆಯಲ್ಲಿರುತ್ತೀ ಎಂದು ತಡೆಯಲಾಗಲಿಲ್ಲ. ಆ ಕಟ್ಟಿಗೆ ಕೆಲಸದವರು ಅಪ್ಪನೇ. ಹಾಸು ಸುತ್ತಿದ ಬೀಮಿನ ಉರುಳೆ ಒಯ್ಯಲು ಅಜ್ಜನ ಮನೆಗೆ ಬಂದಿದ್ದ. ಫಟ್ ಎಂದದ್ದು ಹಿತ್ತಲಲ್ಲಿದ್ದ ಅವನಿಗೆ ಕೇಳಿಸಿರಲಿಲ್ಲ. ಬಾಗಿಲಿಗೆ ಬಂದವನು ನಾನು ಅಳುವುದನ್ನು ನೋಡಿದ. ಅಜ್ಜ ಹೆದರಿ ಎಲ್ಲ ಹೇಳಿಬಿಟ್ಟ. ಅಂಟು ಹಚ್ಚಿ ಕಟ್ಟಿದ ಮೇಲೆ, ಮಗ್ಗದ ಚೌಕಟ್ಟಿಗೆ ಗದ್ದ ಊರಿ ಯಾವ ಬೋಲ್ಟು ಸಡಿಲ ಎಂದು ಹುಡುಕುತ್ತಾನಲ್ಲ, ಹಾಗೆಯೇ ಗಿಟಾರಿಗೆ ಗದ್ದ ಊರಿ, ಎಲ್ಲಾದರೂ ಸೀಳಿದೆಯೇ ಎಂದು ಬೆರಳಿನಿಂದ ಬಡಿದ. ಮತ್ತೆ ಬಡಿದ. ಆಮೇಲೆ ಸೀಳು ಹುಡುಕುವುದನ್ನು ಬಿಟ್ಟು ಕಣ್ಣು ಮುಚ್ಚಿ ತಾಳ ಹಾಕತೊಡಗಿದ. "ಗದ್ದದಾಗಿಂದ ಒಳಗ ಕೇಳತೈತಿ ಪೂರ್ಣಿ" ಎಂದ. "ನಿಮ್ಮವ್ವಗ ಹೇಳಬ್ಯಾಡ. ಬುಧವಾರ ನಾ ಏನೂ ಗೊತ್ತಿಲ್ಲದಂಗ ಹೌಹಾರಬೇಕು." ಅವನಿಗೆ ನಟನೆ ಬರುವುದಿಲ್ಲ ಅವ್ವಾ. ನೀನು ನಗಬೇಡ.